ಹಾಯಿದೋಣಿ ಕಾರವಾರ ಮುಟ್ಟಿತು: ದಾವಣಗೆರೆಯ ಕೈಗಳಿಗೂ ಕರಾವಳಿಯ ಗೆಳೆಯರಿಗೂ ನಮ್ಮ ನಮಸ್ಕಾರ

ನಮ್ಮ 22 ಅಡಿಯ ಹಾಯಿದೋಣಿ ಮಂಗಳೂರಿನ ಹಳೆ ಬಂದರಿನಿಂದ ಹೊರಟು ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿಯಲ್ಲಿ ಹಳೆಯ ಗೆಳೆಯರನ್ನು ಕಂಡು, ಕಾರವಾರ ಮುಟ್ಟಿ, ಲಾರಿ ಹತ್ತಿ ದಾವಣಗೆರೆಗೆ ವಾಪಸು ಬಂದಿದೆ. ಗಂಡ ಹೆಂಡತಿ ಇಬ್ಬರಿಂದಲೇ ಆಗುವ ಕೆಲಸ ಇದಲ್ಲ. ಸಮುದ್ರವಿಲ್ಲದ ನಮ್ಮೂರಿನ ಟಾರ್ಪಾಲ್ ಹೊಲಿಯುವವರು, ಲೇತ್ ಅಂಗಡಿಯವರು, ಬೋರ್‌ವೆಲ್ ಮೋಟಾರ್ ಇಳಿಸುವವರು ಒಂದು ಕಡೆ. ದಂಡೆಯ ಮೊಗವೀರ, ಖಾರ್ವಿ, ಹರಿಕಂತ್ರ ಮನೆಗಳವರು ಇನ್ನೊಂದು ಕಡೆ. ಹೆಸರು ಹಾಕಬೇಡಿ ಅಂತ ಬಹಳ ಮಂದಿ ಹೇಳಿದ್ದಾರೆ, ಹಾಕಿಲ್ಲ. ಯಾರು ಯಾವ ಕೆಲಸ ಮಾಡಿಕೊಟ್ಟರು, ಅದು ಯಾಕೆ ಬೇಕಾಗಿತ್ತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಓದಿದವರಿಗೆ ಇದರಿಂದ ಏನಾದರೂ ಉಪಯೋಗವಾದರೆ ಆ ಪುಣ್ಯ ಅವರದೇ.

ಮೊದಲ ನಮಸ್ಕಾರ ಲಾರಿ ಟಾರ್ಪಾಲು, ಟ್ರ್ಯಾಕ್ಟರ್ ಟಾಪು ಹೊಲಿಯುವ ಅಣ್ಣನಿಗೆ. ಹಾಯಿಯ ಬಟ್ಟೆ ಬಿರುಸಾದ ಪಾಲಿಯೆಸ್ಟರ್. ಬಿಸಿಲಿಗೆ ಮೊದಲು ಸಾಯುವುದು ಆ ಬಟ್ಟೆಯಲ್ಲ, ಹೊಲಿಗೆಯ ದಾರ. ಹತ್ತಿ ಬಟ್ಟೆಯಲ್ಲಾದರೆ ದಾರ ಒಳಗೆ ಇಳಿದು ಕೂರುತ್ತದೆ. ಇಲ್ಲಿ ಬಟ್ಟೆ ಬಿರುಸು, ದಾರ ಮೇಲೆಯೇ ಉಬ್ಬಿ ನಿಂತು ಕೂವೆಮರದ (ಹಾಯಿ ಏರಿಸುವ ಕಂಬದ) ತಂತಿಗೆ, ಹಗ್ಗಕ್ಕೆ ಉಜ್ಜಿ ಸವೆಯುತ್ತದೆ. ಪರೀಕ್ಷೆ ಸುಲಭ: ಹೆಬ್ಬೆರಳಿನ ಉಗುರಿನಿಂದ ಹೊಲಿಗೆಯನ್ನು ಅಡ್ಡಡ್ಡ ಕೆರೆಯಿರಿ. ದಾರ ಪುಡಿಪುಡಿಯಾಗಿ ಎದ್ದರೆ ಆ ಸಾಲನ್ನು ತುದಿಯಿಂದ ತುದಿಗೆ ಮತ್ತೆ ಹೊಲಿಯಬೇಕು. ಬಿಟ್ಟುಕೊಂಡ ಕಡೆ ಮಾತ್ರ ತೇಪೆ ಹಾಕಿದರೆ ಮುಂದಿನ ಗಾಳಿಗೆ ಅದರ ಪಕ್ಕದಲ್ಲೇ ಬಿಚ್ಚಿಕೊಳ್ಳುತ್ತದೆ.

ಅಣ್ಣ ಹಳೆಯ ತೂತುಗಳ ಮೇಲೆ ಸೂಜಿ ಇಡಲಿಲ್ಲ, 3 ಮಿಲಿಮೀಟರ್ ಪಕ್ಕಕ್ಕೆ ಹೊಸ ಸಾಲು ಎಳೆದರು. ನೇರ ಹೊಲಿಗೆ ಬೇಡ, ಜಿಗ್‌ಜಾಗ್ ಬೇಕು, ಯಾಕೆಂದರೆ ಗಾಳಿ ತುಂಬಿದಾಗ ಬಟ್ಟೆ ತುಸು ಜಗ್ಗುತ್ತದೆ, ನೇರ ದಾರಕ್ಕೆ ಜಗ್ಗಲು ಜಾಗವೇ ಇರುವುದಿಲ್ಲ. 18 ನಂಬರ್ ಸೂಜಿ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ, ಹೊಲಿಗೆ ಉದ್ದ 4 ಮಿಲಿಮೀಟರ್, ಅಗಲ 5. ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ದಾರ ಜಗ್ಗುತ್ತದೆ, ಬಿಸಿಲನ್ನೂ ತಾಳುವುದಿಲ್ಲ. ಮೇಲಿನ ದಾರವೂ ಬಾಬಿನ್ ದಾರವೂ ಕೂಡುವ ಗಂಟು ಬಟ್ಟೆಯ ನಡುವೆ ಹೂತುಹೋಗುವವರೆಗೆ ಚೂರು ಬಟ್ಟೆಯ ಮೇಲೆ ನಾಲ್ಕು ಸಲ ಟೆನ್ಷನ್ ತಿರುಗಿಸಿ ನೋಡಿದರು. ಗಂಟು ಒಂದು ಮುಖದಲ್ಲಿ ಕಂಡರೆ ಆ ಕಡೆಯ ದಾರ ಉದ್ದುದ್ದ ಮಲಗಿರುತ್ತದೆ, ಒಂದು ಕಡೆ ಹರಿದರೆ ಗೇಣುದ್ದ ಬಿಚ್ಚುತ್ತದೆ.

ಅವರ ಇನ್ನೊಂದು ಉಪಕಾರ ಹಾಯಿಯ ಮೂಲೆಗಳದ್ದು. ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ದಾಟಿದರೆ ದೊಡ್ಡ ಹಾಯಿಯನ್ನು ಕೆಳಗಿಳಿಸಿ ಕಿರಿದು ಮಾಡಿ ಕಟ್ಟಬೇಕು. ಆಗ ಇಡೀ ಎಳೆತ ಎರಡೇ ಉಂಗುರಗಳ ಮೇಲೆ ಬೀಳುತ್ತದೆ. ಟಾರ್ಪಾಲಿಗೆ ಬಡಿಯುವ ಹಿತ್ತಾಳೆ ಐಲೆಟ್ ಅಲ್ಲಿ ನಿಲ್ಲುವುದಿಲ್ಲ, ಬಟ್ಟೆಯನ್ನು ಕಿತ್ತುಕೊಂಡೇ ಹೊರಬರುತ್ತದೆ. ಒಂದಕ್ಕಿಂತ ಒಂದು ದೊಡ್ಡದಾದ ಮೂರು ಪದರ ತೇಪೆ, ಅದರ ಮೇಲೆ ಸ್ಟೀಲ್ ಉಂಗುರ, ಉಂಗುರದಿಂದ ಮೂರು ದಿಕ್ಕಿಗೆ ಬೆಲ್ಟಿನ ಪಟ್ಟಿ ಹಾಕಿ ಕೈಹೊಲಿಗೆ. ಎಳೆತ ಹಂಚಿಹೋಗಲಿ ಅಂತ ತೇಪೆಗಳ ಅಂಚು ಒಂದರ ಮೇಲೊಂದು ಬಾರದ ಹಾಗೆ ಕೂರಿಸಿದ್ದು ಅವರ ತಲೆಯಿಂದಲೇ ಬಂದದ್ದು. ಗಾಳಿಗೆ ಬಡಿದುಕೊಳ್ಳುವ ಬಟ್ಟೆ ಎಲ್ಲಿ ಹರಿಯುತ್ತದೆ ಅನ್ನುವುದು ಹೆದ್ದಾರಿ ಲಾರಿಗಳಿಗೆ ಟಾರ್ಪಾಲು ಹೊಲಿದ ಕೈಗೆ ಗೊತ್ತಿರುತ್ತದೆ.

ಲೇತ್ ಅಂಗಡಿಯ ಯಜಮಾನರಿಗೆ ಚುಕ್ಕಾಣಿಯ ಬುಷ್‌ಗಾಗಿ ಋಣಿ. ಪಿನ್ನು ತಿರುಗುವ ಈ ಕೊಳವೆಯನ್ನು ನೈಲಾನ್ ರಾಡಿನಲ್ಲಿ ಕೊರೆಯುವುದು ವಾಡಿಕೆ. ನೈಲಾನ್ ನೀರು ಕುಡಿಯುತ್ತದೆ. ಶೆಡ್ಡಿನಲ್ಲಿ ಸರಾಗ ತಿರುಗಿದ್ದು ನೀರಿನಲ್ಲಿ ಕೆಲವು ವಾರ ಕಳೆದ ಮೇಲೆ ಉಬ್ಬಿ ಪಿನ್ನನ್ನು ಕಚ್ಚಿ ಹಿಡಿಯುತ್ತದೆ, ಚುಕ್ಕಾಣಿ ಅಲುಗುವುದಿಲ್ಲ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹೀರುವ ನೀರು ಬಹಳ ಕಡಿಮೆ. 12 ಮಿಲಿಮೀಟರ್ ಪಿನ್ನಿಗೆ 12.2 ತೂತು ಕೊಟ್ಟು ಡೆಲ್ರಿನ್‌ನಲ್ಲೇ ಮಾಡಿಕೊಟ್ಟರು. ಪಿನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. 304 ದರ್ಜೆಯದು ನಮ್ಮೂರಿನಲ್ಲಿ ವರ್ಷಗಟ್ಟಲೆ ಹೊಳೆಯುತ್ತದೆ, ಉಪ್ಪುನೀರಿನ ಸಂದಿಯಲ್ಲಿ ಮಾತ್ರ ಕಣ್ಣಿಗೆ ಕಾಣದ ಕಡೆ ತೂತು ಬೀಳುತ್ತದೆ. ಅಲ್ಯೂಮಿನಿಯಂ ಕೂವೆಮರಕ್ಕೆ ಸ್ಟೀಲ್ ಬೋಲ್ಟ್ ನೇರ ತಾಗಿದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಹಾಗಾಗಿ ನಡುವೆ ಪ್ಲಾಸ್ಟಿಕ್ ವಾಷರು, ಗ್ರೀಸು.

ಚಿತ್ರದುರ್ಗದ ಕಡೆಯಿಂದ ಬಂದು ವೈರಿಂಗ್ ಮಾಡಿಕೊಟ್ಟ ತಮ್ಮ ಬೋರ್‌ವೆಲ್ ಮೋಟಾರ್ ಕೇಬಲ್ ಕಟ್ಟುವವನು. ಐನೂರು ಅಡಿ ಕೆಳಗೆ ನೀರಿನಲ್ಲಿ ಮುಳುಗಿರುವ ಜಾಯಿಂಟು ತಾಳುವುದಾದರೆ ದೋಣಿಯ ದೀಪದ ಜಾಯಿಂಟು ಯಾಕೆ ತಾಳಬಾರದು? ಎರಡು ತಂತಿಗಳ ಜಾಯಿಂಟು ಎದುರೆದುರು ಬಾರದಂತೆ ಒಂದನ್ನು ಎರಡು ಇಂಚು ಹಿಂದೆ ಕತ್ತರಿಸಬೇಕು. ತಾಮ್ರವನ್ನು ಮರಳು ಕಾಗದದಲ್ಲಿ ಕೆಂಪಗೆ ಉಜ್ಜಿ, ಸ್ಲೀವ್ ಹಾಕಿ ಒತ್ತಬೇಕು. ರಬ್ಬರ್ ಟೇಪನ್ನು ಚೆನ್ನಾಗಿ ಎಳೆಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಸುತ್ತಿದರೆ ಅದು ತನಗೆ ತಾನೇ ಅಂಟಿ ಒಂದೇ ತುಂಡಾಗುತ್ತದೆ. ಪಿವಿಸಿ ಟೇಪು ಅದರ ಮೇಲೆ ಬರೀ ಅಂಗಿಯಿದ್ದ ಹಾಗೆ. ಪಿವಿಸಿ ಟೇಪು ಒಂದನ್ನೇ ನಂಬಿದರೆ ಉಪ್ಪಿನ ತೇವ ಎಳೆಗಳ ಸಂದಿಯಲ್ಲಿ ಮೇಲೇರಿ ತಂತಿ ಮೊಳದುದ್ದ ಕಪ್ಪಾಗುತ್ತದೆ, ದೀಪ ಮಂಕಾಗುತ್ತದೆ, ಕಾರಣ ಹುಡುಕಿದರೂ ಸಿಗುವುದಿಲ್ಲ. ತಮ್ಮಾ, ನೀನು ಕಟ್ಟಿದ ಹನ್ನೊಂದು ಜಾಯಿಂಟುಗಳಲ್ಲಿ ಒಂದನ್ನೂ ಬಿಚ್ಚುವ ಕೆಲಸ ಬೀಳಲಿಲ್ಲ.

ಸೂಳೆಕೆರೆಯಲ್ಲಿ ಅಭ್ಯಾಸಕ್ಕೆ ಜಾಗ ಬಿಟ್ಟುಕೊಟ್ಟ ಮೀನುಗಾರರಿಗೂ ನಮಸ್ಕಾರ. ಹಾಯಿ ಕಿರಿದು ಮಾಡುವುದು, ನೀರಿಗೆ ಬಿದ್ದವರನ್ನು ಎತ್ತುವುದು, ಲಂಗರು ಬಿಡುವುದು, ಈ ಮೂರನ್ನು ಸಿಹಿನೀರಿನಲ್ಲಿ ಕಣ್ಣು ಕಟ್ಟಿದರೂ ಮಾಡುವ ಹಾಗಾದ ಮೇಲೆಯೇ ಉಪ್ಪುನೀರಿಗೆ ಇಳಿಯಬೇಕು.

ಇನ್ನು ಕರಾವಳಿಯವರು. ಇವರ ಋಣ ದೊಡ್ಡದು.

ಕಡಲಿನ ದೂರ ಅಳೆಯುವುದು ನಾಟಿಕಲ್ ಮೈಲಿನಲ್ಲಿ: ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ಮೈಲು, 1852 ಮೀಟರ್. ಮಂಗಳೂರಿನಿಂದ ಮಲ್ಪೆಗೆ ಸುಮಾರು 30 ಮೈಲು, ಅಲ್ಲಿಂದ ಗಂಗೊಳ್ಳಿಗೆ 17, ಭಟ್ಕಳಕ್ಕೆ 20. ಮುಂದಿನ ಹೊನ್ನಾವರ, ತದಡಿ, ಕಾರವಾರವೂ ಒಂದೊಂದು 15ರಿಂದ 20ರೊಳಗೆ. ನಮ್ಮ ದೋಣಿಯ ವೇಗ ಗಂಟೆಗೆ 4.5 ಮೈಲು. ಮಲ್ಪೆಯ ಗೆಳೆಯ ಫೋನಿನಲ್ಲಿ ಮೊದಲು ಕೇಳಿದ್ದೇ ಹೊರಡುವ ಹೊತ್ತು. ಚಳಿಗಾಲದಲ್ಲಿ ನಸುಕಿಗೆ ನೆಲದ ಕಡೆಯಿಂದ ಮೂಡುಗಾಳಿ ಬೀಸುತ್ತದೆ, ಬಡಗು ಮುಖವಾಗಿ ಹೋಗುವ ದೋಣಿಗೆ ಅದು ಬಲಪಕ್ಕೆಯ ಗಾಳಿ, ನೀರೂ ಸಪಾಟು. ಹತ್ತು ಗಂಟೆಗೆ ಅದು ಸಾಯುತ್ತದೆ. ಮಧ್ಯಾಹ್ನ ಏಳುವುದು ವಾಯುವ್ಯದ ಕಡಲಗಾಳಿ, ಮೂರು ನಾಲ್ಕು ಗಂಟೆಗೆ ಜೋರು, ಸರಿಯಾಗಿ ಮೂಗಿನ ಮೇಲೆ. ಆಗ ಎಡಕ್ಕೂ ಬಲಕ್ಕೂ ಓರೆ ಹೊಡೆಯುತ್ತಾ ಹೋಗಬೇಕು, 10 ಮೈಲಿನ ದಾರಿ 15 ಆಗುತ್ತದೆ. ಆದ್ದರಿಂದ ಮಲ್ಪೆಯ ದಾರಿಗೆ ನಸುಕಿನ ಮೂರು ಗಂಟೆ, ಉಳಿದವಕ್ಕೆ ಐದು. ಬೆಳಕು ಹರಿಯುವಾಗ ಬಲಗಡೆ 1901ರ ಕಾಪು ದೀಪಸ್ತಂಭ ಕಂಡರೆ ಲೆಕ್ಕ ಸರಿಯಿದೆ ಅಂತ ಅರ್ಥ.

ಕತ್ತಲಲ್ಲಿ ಹೊರಡುವುದೆಂದರೆ ಬಲೆಗಳ ನಡುವೆ ಹೋಗುವುದು. ಬೀಡುಬಿಟ್ಟ ಬಲೆಯ ಒಂದು ತುದಿಗೆ ದೋಣಿ ಕಟ್ಟಿಕೊಂಡಿರುತ್ತದೆ, ಇನ್ನೊಂದು ತುದಿಯಲ್ಲಿ ಮಿಣುಕುವ ದೀಪ. ಎರಡರ ನಡುವೆ ಖಾಲಿ ಕಪ್ಪು ನೀರು ಕಂಡು ನುಗ್ಗಿದರೆ ಬಲೆ ಪ್ರೊಪೆಲ್ಲರಿಗೆ ಸುತ್ತಿತು ಅಂತಲೇ. ಬಲೆ ಇಲ್ಲದ ಕಡೆಯಿಂದ, ದೋಣಿಯ ಬೆನ್ನ ಹಿಂದೆ ಹೋಗಬೇಕು. ಸಿಕ್ಕಿಕೊಂಡರೆ ಮೊದಲು ಎಂಜಿನ್ ಬಂದ್, ಮೇಲೆತ್ತಿ ಕೈಯಲ್ಲಿ ಬಿಡಿಸಬೇಕು, ಚಾಕು ಕೊನೆಗೆ. ಕತ್ತರಿಸಲೇಬೇಕಾದರೆ ಬಲೆಯವರನ್ನು ಕರೆದು ಅವರ ಎದುರಿಗೇ ಕತ್ತರಿಸಿ ದುಡ್ಡು ಕೊಡಬೇಕು. ಅದು ಒಂದು ಮನೆಯ ಅನ್ನ. ಟಾರ್ಚು ಬೀಸಿ ದಾರಿ ತೋರಿದ, ಮುಖವನ್ನೂ ನೋಡಿರದ ಆ ದೋಣಿಗಳ ಎಲ್ಲರಿಗೂ ಇಲ್ಲಿಂದಲೇ ಕೈಮುಗಿಯುತ್ತೇವೆ.

ಎಲ್ಲಕ್ಕಿಂತ ಹೆಚ್ಚಿನ ಉಪಕಾರ ಅಳಿವೆಗಳಲ್ಲಿ, ಅಂದರೆ ನದಿ ಕಡಲು ಸೇರುವ ಬಾಯಿಗಳಲ್ಲಿ ಆದದ್ದು. ಗಂಗೊಳ್ಳಿಯ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ತದಡಿಯ ಅಘನಾಶಿನಿ, ಎಲ್ಲ ಕಡೆಯೂ ನದಿ ತಂದ ಮರಳು ಬಾಯಲ್ಲಿ ದಿಬ್ಬವಾಗಿ ಕೂರುತ್ತದೆ. ಪ್ರತಿ ಮಳೆಗಾಲಕ್ಕೂ ದಿಬ್ಬ ಜಾಗ ಬದಲಿಸುವುದರಿಂದ ಹಳೆಯ ನಕ್ಷೆಯ ಆಳ ನಂಬುವ ಹಾಗಿಲ್ಲ. ಇಳಿತದಲ್ಲಿ ನದಿ ಹೊರಗೆ ಓಡುತ್ತಿರುತ್ತದೆ, ಸಮುದ್ರದ ಉಬ್ಬಲೆ (ದೂರದಿಂದ ಉರುಳಿ ಬರುವ ಉದ್ದನೆಯ ಅಲೆ) ಒಳಗೆ ಬರುತ್ತಿರುತ್ತದೆ. ಎರಡೂ ಎದುರುಬದುರಾದಾಗ ಅಲೆಯ ಉದ್ದ ಕುಗ್ಗಿ ಎತ್ತರ ಹೆಚ್ಚಿ ದಿಬ್ಬದ ಮೇಲೆ ಒಡೆಯುತ್ತದೆ. ಹೊರಗಿನಿಂದ ಬರುವವರಿಗೆ ಕಾಣುವುದು ಅಲೆಯ ಬೆನ್ನು ಮಾತ್ರ, ಬೆನ್ನು ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ. ದೋಣಿಗಳು ಮಗುಚುವುದು ಹೀಗೆ. ಗಾಳಿ ಇಲ್ಲ ಅಂತ ಧೈರ್ಯ ಮಾಡುವಂತೆಯೂ ಇಲ್ಲ, ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉಬ್ಬಲೆ ದಿನಗಟ್ಟಲೆ ಓಡಿ ಬಂದು ನಿಚ್ಚಳ ಬಿಸಿಲಿನಲ್ಲೂ ಅಳಿವೆಯಲ್ಲಿ ಒಡೆಯುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ಉಬ್ಬಲೆಯ ಎತ್ತರವನ್ನೂ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಹೊರಡುವ ಮುನ್ನ ನೋಡಲೇಬೇಕು.

ಒಳಬರುವ ಹೊತ್ತು ಉಬ್ಬರದ ಕೊನೆಯ ಮೂರನೇ ಒಂದು ಪಾಲು. ಅದಕ್ಕೆ ಹನ್ನೆರಡರ ಲೆಕ್ಕ: ನೀರು ಸುಮಾರು ಆರು ಗಂಟೆ ಏರುತ್ತದೆ, ಒಂದೇ ಸಮ ಅಲ್ಲ. ಒಟ್ಟು 1.2 ಮೀಟರ್ ಏರುವುದಾದರೆ ಮೊದಲ ಗಂಟೆ 10 ಸೆಂಟಿಮೀಟರ್, ಎರಡನೆಯದರಲ್ಲಿ 20, ಮೂರು ನಾಲ್ಕರಲ್ಲಿ 30, 30, ಆಮೇಲೆ 20, 10. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸು ಸಣ್ಣದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಲೆಕ್ಕ ಯಾರು ಬೇಕಾದರೂ ಮಾಡಬಹುದು, ದಿಬ್ಬ ಇವತ್ತು ಎಲ್ಲಿದೆ ಅಂತ ಹೇಳುವವರು ಅಲ್ಲಿಯವರೇ. "ಈಗ್ ಬರ್ಬೇಡಿ, ನೀರ್ ಇಳುಕೆ ಶುರು ಆಯ್ತ್" ಅಂತ ಗಂಗೊಳ್ಳಿಯಿಂದ ಬಂದ ಒಂದು ಫೋನು ಯಾವ ಯಂತ್ರಕ್ಕಿಂತಲೂ ಹೆಚ್ಚು. ಹೊನ್ನಾವರದಲ್ಲಿ ತಮ್ಮ ದೋಣಿಯನ್ನು ಮುಂದೆ ಬಿಟ್ಟು ದಾರಿ ಮಾಡಿಕೊಟ್ಟ ಅಣ್ಣತಮ್ಮಂದಿರಿಗೆ ಡೀಸೆಲ್ಲಿನ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಲಂಗರಿನ ಬಗ್ಗೆ ಭಟ್ಕಳದ ಮಾವನವರು ಕೊಟ್ಟ ಬುದ್ಧಿ: ಆಳ 4 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ, ಇನ್ನು ಏರಬೇಕಾದ ನೀರು 1.5, ಒಟ್ಟು 6.5. ಅದರ ಐದು ಪಟ್ಟು, ಅಂದರೆ 33 ಮೀಟರ್ ಹಗ್ಗ ಬಿಡಬೇಕು, ರಾತ್ರಿ ಗಾಳಿ ಇದ್ದರೆ ಏಳು ಪಟ್ಟು. ಎಷ್ಟೋ ಜನ ಆಗ ಕಂಡ ಆಳವನ್ನಷ್ಟೇ ಲೆಕ್ಕ ಹಿಡಿದು ಬಿಡುತ್ತಾರೆ, ನಡುರಾತ್ರಿ ಉಬ್ಬರಕ್ಕೆ ಹಗ್ಗ ನೆಟ್ಟಗಾಗಿ ಲಂಗರು ಕೆಸರಿನಿಂದ ಮೇಲೇಳುತ್ತದೆ. ಲಂಗರಿನ ಹತ್ತಿರ 6 ಮೀಟರ್ ಸರಪಳಿ ಇದ್ದರೆ ಎಳೆತ ಅಡ್ಡಕ್ಕೇ ಉಳಿಯುತ್ತದೆ.

ಎಂಜಿನ್ನಿನ ಮಾತು ಚಿಕ್ಕದು. ಪೆಟ್ರೋಲಿನಲ್ಲಿ ಈಗ ಎಥನಾಲ್ ಇರುತ್ತದೆ, ಅದು ಕಡಲಗಾಳಿಯ ತೇವವನ್ನು ಎಳೆದುಕೊಂಡು ಟ್ಯಾಂಕಿನ ತಳದಲ್ಲಿ ನೀರಾಗಿ ಕೂರುತ್ತದೆ. ಟ್ಯಾಂಕು ತುಂಬಿಯೇ ಇಟ್ಟು, ನೀರು ಬೇರೆ ಮಾಡುವ ಫಿಲ್ಟರು ಹಾಕಿ, ದಿನದ ಕೊನೆಗೆ ಕಾರ್ಬ್ಯುರೇಟರ್ ಖಾಲಿ ಮಾಡಿದರೆ ಬೆಳಗ್ಗೆ ಒಂದೇ ಎಳೆತಕ್ಕೆ ಶುರುವಾಗುತ್ತದೆ.

ಕರಾವಳಿ ಕಾವಲು ಪೊಲೀಸರಿಗೂ ಬಂದರಿನ ಸಿಬ್ಬಂದಿಗೂ ವಂದನೆ. ಹೊರಡುವ ಮುಂಚೆ, ತಲುಪಿದ ಮೇಲೆ ತಿಳಿಸಬೇಕು, ಗುರುತಿನ ಚೀಟಿ, ದೋಣಿಯ ಕಾಗದ ಕೈಗೆ ಸಿಗುವಂತಿರಬೇಕು. ಕಾರವಾರದ ಹತ್ತಿರ ನೌಕಾನೆಲೆ, ಅಂಜದೀವ್ ದ್ವೀಪದ ಸುತ್ತ ಹೋಗುವಂತಿಲ್ಲ, ಪಶ್ಚಿಮಕ್ಕೆ ದೂರ ಸರಿದು ಬಡಗಿನಿಂದ ಕೊಲ್ಲಿಗೆ ಇಳಿಯಬೇಕು. ತಟರಕ್ಷಣಾ ಪಡೆಯ 1554, ಕಾವಲು ಪೊಲೀಸರ 1093 ಎರಡನ್ನೂ ಕೂವೆಮರದ ಬುಡದಲ್ಲಿ ಬಣ್ಣದಲ್ಲಿ ಬರೆದಿಡಿ.

ಬುತ್ತಿ ಕಟ್ಟಿಕೊಟ್ಟ ಅಕ್ಕಂದಿರನ್ನು ಮರೆಯುವುದುಂಟೇ? ಅಲುಗಾಡುವ ದೋಣಿಯಲ್ಲಿ ಸ್ಟವ್ ಹಚ್ಚುವುದು ಅಪಾಯ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕದ ಮಂಡಕ್ಕಿ ಇದ್ದರೆ ಒಲೆಯೇ ಬೇಡ. ಮಂಡಕ್ಕಿ ಕಡಲಗಾಳಿಗೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ ಅಂತ ಒಂದು ಹೊತ್ತಿಗಾಗುವಷ್ಟನ್ನೇ ಪ್ರತ್ಯೇಕ ಕವರಿನಲ್ಲಿ ಸೀಲ್ ಮಾಡಿದ್ದು ಅವರ ಜಾಣತನ. ಕುಡಿಯುವ ನೀರು ತಲೆಗೆ ದಿನಕ್ಕೆ 3 ಲೀಟರ್, ಅದೂ ಒಂದೇ ಕ್ಯಾನಿನಲ್ಲಿ ಬೇಡ. ಒಂದು ಕ್ಯಾನು ಒಡೆದರೂ ಇನ್ನೊಂದರಲ್ಲಿ ಉಳಿದಿರುತ್ತದೆ.

ಅಂಕೋಲಾ, ಅರಬೈಲ್ ಘಾಟಿ, ಯಲ್ಲಾಪುರ, ಹುಬ್ಬಳ್ಳಿ ದಾರಿಯಲ್ಲಿ ದೋಣಿಯನ್ನು ಗೀರು ಬೀಳದಂತೆ ತಂದ ಚಾಲಕರು ಮೊದಲ 10 ಕಿಲೋಮೀಟರಿಗೇ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿದರು. ಹೊಸದಾಗಿ ಕಟ್ಟಿದ ಪಟ್ಟಿ ಅಷ್ಟರಲ್ಲಿ ಸಡಿಲಾಗಿಯೇ ಇರುತ್ತದೆ.

ಹಾಯಿ, ಹಗ್ಗ ಎಲ್ಲ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಹರವಿದ್ದೇವೆ. ಪ್ರತಿ ಅಳಿವೆಯ ಉಬ್ಬರದ ಹೊತ್ತು, ಕಂಡ ಆಳ, ಬಲೆಗಳಿದ್ದ ಜಾಗ ಪೆನ್ಸಿಲಿನಲ್ಲಿ ಬರೆದ ಪುಸ್ತಕವೂ ಇದೆ, ಬೇಕಾದವರು ಬಂದು ನಕಲು ಮಾಡಿಕೊಳ್ಳಬಹುದು. ಆಳದ ಅಂಕಿಗಳು ಮುಂದಿನ ಮಳೆಗಾಲದವರೆಗೆ ಮಾತ್ರ. ತದಡಿಯ ಅಣ್ಣಾ, ನಿಮ್ಮ 20 ಮೀಟರ್ ಹಗ್ಗ ನಮ್ಮ ಹತ್ತಿರವೇ ಉಳಿದಿದೆ. ಒಣಗಿದೆ, ಸುತ್ತಿಟ್ಟಿದ್ದೇವೆ, ಬರುವಾಗ ತರುತ್ತೇವೆ.