ಪಾಲೆ ಯಾವುದು, ಕಾಸರಕ ಯಾವುದು?

ಮಾನ್ಯ ಸಂಪಾದಕರೇ,

ಆಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಪಾಲೆ ಕಷಾಯ ಕುಡಿಯುವವರು ಹುಷಾರಾಗಿರಿ, ಸರಿಯಾದ ಮರ ನೋಡಿಯೇ ಕೆತ್ತೆ ತನ್ನಿ ಅಂತ. ಈ ಸಲವೂ ಬಂದಿದೆ. ಜೊತೆಗೊಂದು ಫೋಟೋ, ಸ್ಟೀಲ್ ಲೋಟದಲ್ಲಿ ಕಷಾಯ. ಲೋಟ ನೋಡಿ ಮರ ಗುರುತಿಸುವುದು ಹೇಗೆ ಅಂತ ನನಗಿನ್ನೂ ಗೊತ್ತಾಗಿಲ್ಲ!

ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ತುಳುನಾಡಿನಲ್ಲಿ ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಅದರ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲೇ ಹೋಗಿ ಪಾಲೆ ಮರದ ತೊಗಟೆ ತರುತ್ತಾರೆ. ಇಲ್ಲಿ ತೊಗಟೆಗೆ ಕೆತ್ತೆ ಅನ್ನುತ್ತೇವೆ. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅದಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯುವುದು. ಆಮೇಲೆ ಮೆಂತೆ ಗಂಜಿ. ಮರ ತಪ್ಪಿ ಕಾಸರಕದ ಕೆತ್ತೆ ಬಂತೋ, ಜೀವಕ್ಕೇ ಕುತ್ತು. ಕಾಸರಕದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ಪಾಲೆಯೂ ಕಹಿ, ಕಾಸರಕವೂ ಕಹಿ. ನಾಲಿಗೆಗೆ ತಾಗಿಸಿ ಪರೀಕ್ಷೆ ಮಾಡುತ್ತೇನೆ ಅನ್ನುವ ಹಾಗೂ ಇಲ್ಲ.

ನನ್ನ ಅಪ್ಪ ಹಿಂದಿನ ದಿನ ಹಗಲಿನಲ್ಲೇ ಗುಡ್ಡೆಗೆ ಹೋಗಿ ಪಾಲೆ ಮರಕ್ಕೆ ಬಾಳೆನಾರು ಕಟ್ಟಿ ಬರುತ್ತಿದ್ದರು. ನಾವು ಮಕ್ಕಳು ಬಾಲ ಹಿಡಿದು ಹೋಗುತ್ತಿದ್ದೆವು. ಕಟ್ಟುವ ಮೊದಲು ಅಪ್ಪ 'ಇದು ಪಾಲೆ ಅಂತ ಹೇಗೆ ಗೊತ್ತು?' ಅಂತ ಕೇಳುತ್ತಿದ್ದರು. 'ನೀವು ಹೇಳಿದ್ದಲ್ವಾ' ಅಂದರೆ ಬೈಗುಳ. ಎಲೆ ತೋರಿಸಬೇಕು, ಹಾಲು ತೋರಿಸಬೇಕು. ಆಗಷ್ಟೇ ನಾರು ಕಟ್ಟುತ್ತಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಅಪ್ಪನ ಆ ಪ್ರಶ್ನೆಗಿಂತ ಒಳ್ಳೆಯ ಪಾಠಕ್ರಮ ನನಗೆ ಎಲ್ಲೂ ಸಿಗಲಿಲ್ಲ.

ಈಗಿನದ್ದು ಕೇಳಿ. ಐದನೇ ಕ್ಲಾಸಿನ ನನ್ನ ಮೊಮ್ಮಗನಿಗೆ ಶಾಲೆಯಲ್ಲಿ 'ನಮ್ಮ ಸುತ್ತಲಿನ ಮರಗಳು' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಅಂಗಡಿಯಿಂದ ಮರಗಳ ಚಾರ್ಟ್ ತಂದ, ಹತ್ತು ಚಿತ್ರ ಕತ್ತರಿಸಿದ, ಅಂಟಿಸಿದ, ಕೆಳಗೆ ಹೆಸರು ಬರೆದ. ಅರ್ಧ ಗಂಟೆಯ ಕೆಲಸ. ಗುಡ್ ಅಂತ ಬಂತು. ಚಿತ್ರದಲ್ಲಿ ಹತ್ತೂ ಮರಗಳು ಒಂದೇ ಥರ, ಕಂದು ಕಂಬದ ಮೇಲೆ ಹಸಿರು ಮೋಡ. ಆ ಶಾಲೆಯ ಗೇಟಿನ ಪಕ್ಕದಲ್ಲೇ ದೊಡ್ಡ ಪಾಲೆ ಮರ ಇದೆ. ಅದು ಯಾವ ಮರ ಅಂತ ಕೇಳಿದರೆ ಹುಡುಗ 'ಆಟೋ ನಿಲ್ಲಿಸುವ ಮರ' ಅಂದ. ಅವನದ್ದೇನು ತಪ್ಪು?

ರಜೆಗೆ ಬಂದಾಗ ಗುಡ್ಡೆಗೆ ಕರೆದುಕೊಂಡು ಹೋದೆ. ಹೆಸರು ಹೇಳಲಿಲ್ಲ. ಸುಮ್ನೆ ನೋಡು, ಏನು ಕಾಣುತ್ತದೆ ಹೇಳು ಅಂದೆ. ಸ್ವಲ್ಪ ಹೊತ್ತು ನೋಡಿದವನು, 'ಎಲೆಗಳೆಲ್ಲ ಒಂದೇ ಕಡೆಯಿಂದ ಹೊರಟಿವೆ ಅಜ್ಜಿ, ಕೊಡೆಯ ಕಡ್ಡಿ ಥರ' ಅಂದ. ಪಾಲೆಯನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ನನಗೂ ಗೊತ್ತಿಲ್ಲ. ಇದಕ್ಕೆ ಸಪ್ತಪರ್ಣಿ ಅಂತಲೂ ಹೆಸರಿದೆ, ಏಳೆಲೆಯದು ಅಂತ ಅರ್ಥ ಅಂದೆ. ಸರಿ, ಎಣಿಸಲು ಶುರು ಮಾಡಿದ. ಒಂದು ಗೆಣ್ಣಿನಲ್ಲಿ ಆರು, ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಏಳು. 'ಹೆಸರು ಸುಳ್ಳು ಅಜ್ಜಿ' ಅಂದ. ಹೆಸರಿಗಿಂತ ಮರವನ್ನು ಜಾಸ್ತಿ ನಂಬಿದನಲ್ಲ, ನನಗೆ ಅಷ್ಟು ಸಾಕಿತ್ತು.

ಎಲೆ ಚಿವುಟಿದರೆ ಬಿಳಿ ಹಾಲು ಬಂತು. ಕೂಡಲೇ ಅವನ ತಕರಾರು: 'ರಬ್ಬರಿಗೂ ಹಾಲಿದೆಯಲ್ಲ?' ನಮ್ಮ ಕಡೆ ಎಲ್ಲಿ ನೋಡಿದರೂ ರಬ್ಬರ್ ತೋಟ, ಅವನು ಕೇಳಿದ್ದು ಸರಿಯೇ. ಹಲಸಿಗೂ ಇದೆ, ಅತ್ತಿಗೂ ಇದೆ. ಅಂದರೆ ಹಾಲೊಂದೇ ಸಾಲದು. ರಬ್ಬರಿನಲ್ಲಿ ಒಂದು ತೊಟ್ಟಿಗೆ ಮೂರು ಎಲೆ. ಪಾಲೆಯಲ್ಲಿ ಕೊಡೆಕಡ್ಡಿ. ಹಾಲು ಮತ್ತು ಕೊಡೆಕಡ್ಡಿ ಎರಡೂ ಬೇಕು. ಮಳೆಗಾಲ ಕಳೆದ ಮೇಲೆ ಬಂದಿದ್ದರೆ ತಲೆ ಭಾರವಾಗುವಷ್ಟು ಗಾಢ ವಾಸನೆಯ ಹೂ, ಆಮೇಲೆ ದಾರದ ಹಾಗೆ ನೇತಾಡುವ ಜೋಡಿ ಕಾಯಿಗಳೂ ಸಿಗುತ್ತಿದ್ದವು.

ಆಮೇಲೆ ಕಾಸರಕದ ಬಳಿ ನಿಲ್ಲಿಸಿದೆ. ಎಲೆಗಳು ಎದುರು ಬದುರು, ಎರಡೆರಡು. ಅಗಲ, ಹೊಳಪು. ಎಲೆಯ ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ, ಅಂಗೈ ಮೇಲಿನ ಗೆರೆಗಳ ಹಾಗೆ. ಇದನ್ನು ಮಾತ್ರ ನಾನೇ ಚಿವುಟಿ ತೋರಿಸಿದೆ. ಹಾಲಿಲ್ಲ. ಹಣ್ಣಾದರೆ ಪುಟ್ಟ ಕಿತ್ತಳೆಯ ಥರ ಇರುತ್ತದೆ. ಮಕ್ಕಳಿಗೆ ಆಸೆ ಹುಟ್ಟಿಸುವಂಥ ಬಣ್ಣ, ಒಳಗೆ ನಾಣ್ಯದ ಹಾಗೆ ಚಪ್ಪಟೆ ಬೀಜ, ಆ ಬೀಜವೇ ವಿಷ. ಇದನ್ನು ಬಾಯಿಗೆ ಹಾಕಬಾರದು ಅಂತ ಒಂದು ಸಲ ಮರದ ಬುಡದಲ್ಲೇ ನಿಂತು ಹೇಳಿದರೆ ಸಾಕು. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಅಷ್ಟು ತಲೆಗೆ ಹೋಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಮಕ್ಕಳಿಗೆ ಮರದ ಹೆಸರಿನಿಂದ ಪಾಠ ಶುರು ಮಾಡಬೇಡಿ. ಒಂದಕ್ಕೊಂದು ಹೋಲುವ ಎರಡು ಮರಗಳ ನಡುವೆ ನಿಲ್ಲಿಸಿ, ವ್ಯತ್ಯಾಸ ಅವರೇ ಹುಡುಕಲಿ. ಹೆಸರು ಕೊನೆಗೆ ಬರಲಿ. ಎಲೆ ಯಾವುದು, ಎಲೆಯ ತುಂಡು ಯಾವುದು ಅನ್ನುವುದೇ ಮಕ್ಕಳಿಗೆ ಗೊಂದಲ. ತೊಟ್ಟಿನ ಬುಡದಲ್ಲಿ ಪುಟ್ಟ ಮೊಗ್ಗು ಇದೆಯಾ ನೋಡಿ ಅಂದರೆ ಮುಗಿಯಿತು. ಮೊಗ್ಗು ಇದ್ದರೆ ಅದು ಪೂರ್ತಿ ಎಲೆ. ರಬ್ಬರಿನ ಆ ಮೂರು ಸೇರಿ ಒಂದೇ ಎಲೆ ಅಂತ ಆಗ ತಾವೇ ಹೇಳುತ್ತಾರೆ. ಸಾಗುವಾನಿಯ ಎಳೆ ಎಲೆ ಅಂಗೈಯಲ್ಲಿ ಉಜ್ಜಿದರೆ ಕೈ ಕೆಂಪಾಗುತ್ತದೆ, ಮದರಂಗಿ ಹಾಕಿದ ಹಾಗೆ. ಕಣ್ಣು ಮುಚ್ಚಿ ಮತ್ತಿ ಮರ ಮುಟ್ಟಿಸಿ, ಮೊಸಳೆ ಬೆನ್ನು ಅನ್ನದಿದ್ದರೆ ಕೇಳಿ. ರಸ್ತೆ ಬದಿಯ ಅಕೇಶಿಯಾದ ಕೆಳಗೆ ಈಗ ತಾನೇ ಮೊಳೆತ ಸಸಿ ಇದ್ದರೆ ಬಿಡಬೇಡಿ. ಅದರ ಮೊದಲ ಎಲೆಗಳು ನಾಚಿಕೆಮುಳ್ಳಿನ ಹಾಗೆ ಸಣ್ಣ ಸಣ್ಣ. ದೊಡ್ಡ ಮರದಲ್ಲಿ ನಾವು ಎಲೆ ಅಂದುಕೊಂಡಿದ್ದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು! ಇದನ್ನು ನೋಡಿದ ದಿನ ನನ್ನ ಕ್ಲಾಸಿನ ಮಕ್ಕಳು ಊಟದ ಬೆಲ್ ಹೊಡೆದರೂ ಎದ್ದಿರಲಿಲ್ಲ.

ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಹೆಸರು ಬರುತ್ತದಲ್ಲ ಅಂತ ಮಗಳು ಹೇಳುತ್ತಾಳೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಗುಡ್ಡೆಯಲ್ಲಿ ನೆಟ್‌ವರ್ಕ್ ಇಲ್ಲ, ಅಮಾವಾಸ್ಯೆಯ ಕತ್ತಲಲ್ಲಿ ಫೋಟೋವೂ ಬರುವುದಿಲ್ಲ.

ಇದಕ್ಕೆ ಹೊಸ ಪುಸ್ತಕವೂ ಬೇಡ, ಅನುದಾನವೂ ಬೇಡ. ಸರಕಾರಿ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಅಂತ ಇದೆ. ಅದರಲ್ಲಿ ಒಂದು ಗಂಟೆ ಮರದ ಬುಡಕ್ಕೆ ಹೋಗಲಿ. ವನಮಹೋತ್ಸವಕ್ಕೆ ಗಿಡ ನೆಡಿಸುವುದು ಸರಿ, 1950ರಿಂದ ನಡೆದು ಬಂದಿದೆ. ನೆಟ್ಟ ಗಿಡ ಯಾವುದು ಅಂತ ಫೋಟೋದಲ್ಲಿ ನಿಂತವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೆ? ಅಂದ ಹಾಗೆ, ಪಾಲೆಯ ಸಸ್ಯಶಾಸ್ತ್ರದ ಹೆಸರು ಆಲ್‌ಸ್ಟೋನಿಯಾ ಸ್ಕಾಲರಿಸ್. ಹಿಂದೆ ಶಾಲೆಯ ಮಕ್ಕಳ ಬರೆಯುವ ಹಲಗೆಗೆ ಈ ಮರ ಬಳಸುತ್ತಿದ್ದರು, ಅದಕ್ಕೇ ಸ್ಕಾಲರಿಸ್. ಶಾಲೆಯ ಹೆಸರು ಹೊತ್ತ ಮರವೇ ಶಾಲೆಯ ಗೇಟಿನಲ್ಲಿ ಹೆಸರಿಲ್ಲದೆ ನಿಂತಿದೆ.

ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಆಟಿಗೆ ಲೋಟದ ಫೋಟೋ ಬಿಡಿ. ಪಾಲೆಯ ಒಂದು ಟೊಂಗೆ, ಪಕ್ಕದಲ್ಲಿ ಕಾಸರಕದ ಒಂದು ಟೊಂಗೆ, ಎಲೆ ಹೇಗೆ ಕೂತಿದೆ ಅಂತ ಕಾಣುವ ಹಾಗೆ ದೊಡ್ಡದಾಗಿ ಹಾಕಿ. ಅದೂ ಒಂದು ವಾರ ಮೊದಲೇ.

ನಮ್ಮೂರ ಶಾಲೆಯ ಹೆಡ್‌ಮಾಸ್ಟರು ಬರುವ ಶನಿವಾರ ಐದು, ಆರನೇ ಕ್ಲಾಸಿನ ಮಕ್ಕಳನ್ನು ನನ್ನ ಜೊತೆ ಗುಡ್ಡೆಗೆ ಕಳಿಸಲು ಒಪ್ಪಿದ್ದಾರೆ. ಕೊಡೆ ತನ್ನಿ ಅಂತ ಮಕ್ಕಳಿಗೆ ಹೇಳಿಯಾಗಿದೆ. ಉಂಬಳಕ್ಕೆ ಉಪ್ಪು ನಾನು ತರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಬೆಳ್ತಂಗಡಿ ತಾಲೂಕು