ಮೇಲೆ ಉಳಿದವನ ಕೆಲಸ

ಪ್ರೀತಿಯ ಚಿನ್ನಿ,

ಭಾನುವಾರ ಒಳ್ಳೆ ಪ್ರಶ್ನೆ ಕೇಳಿದೆ. ಉತ್ತರ ಶುರು ಮಾಡುವಷ್ಟರಲ್ಲಿ ನಿಮ್ಮ ಹಾಸ್ಟೆಲ್ಲಿನ ಫೋನ್ ಟೈಮೇ ಮುಗಿದುಹೋಯಿತು. "ಮೈಕಲ್ ಕಾಲಿನ್ಸ್ ಅಷ್ಟು ಹತ್ತಿರ ಹೋಗಿ ಚಂದ್ರನ ಮೇಲೆ ಇಳಿಯದೆ ವಾಪಸ್ ಬಂದನಲ್ಲ, ಅವನಿಗೆ ಹೊಟ್ಟೆ ಉರಿಯಲಿಲ್ವಾ ಅಪ್ಪಾ?" ಅಂದೆ. ಫೋನಿನಲ್ಲಿ ಆಗುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

1969ರ ಜುಲೈ 20, ಅಪೊಲೊ 11 ಯಾತ್ರೆ. ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್ ಇಬ್ಬರೂ ಚಂದ್ರನ ಮೇಲೆ ಇಳಿಯುವ ನೌಕೆ 'ಈಗಲ್' ಹತ್ತಿ ಕೆಳಗೆ ಹೋದರು. ಮೈಕಲ್ ಕಾಲಿನ್ಸ್ ಸುಮಾರು 110 ಕಿಲೋಮೀಟರ್ ಮೇಲೆ ಮುಖ್ಯ ನೌಕೆ 'ಕೊಲಂಬಿಯಾ'ದಲ್ಲಿ ಒಬ್ಬನೇ ಉಳಿದ. ಎರಡು ಗಂಟೆಗೊಂದು ಸುತ್ತು. ಪ್ರತಿ ಸುತ್ತಿನಲ್ಲೂ ಸುಮಾರು 48 ನಿಮಿಷ ಚಂದ್ರನ ಹಿಂದೆ ಮರೆ. ಆಗ ರೇಡಿಯೋ ಪೂರ್ತಿ ಬಂದ್. ಆಡಮ್‌ನ ನಂತರ ಇಷ್ಟು ಒಂಟಿಯಾದ ಮನುಷ್ಯ ಇನ್ನೊಬ್ಬನಿಲ್ಲ ಅಂತ ಆಗಲೇ ಮಾತು ಹುಟ್ಟಿತು.

ಪಾಪ ಅಂತ ಅವನ ಬಗ್ಗೆ ಯಾರಾದರೂ ಲೊಚಗುಟ್ಟಿದರೆ ನನಗೆ ರೇಗುತ್ತದೆ. ಒಂಟಿತನ ಕಾಡಲಿಲ್ಲ ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ. ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದವರ ವಟವಟ ಇಲ್ಲ. ಕುಡಿಯೋಕೆ ಬಿಸಿ ಕಾಫಿ. ಮೂವರು ಒತ್ತಿಕೊಂಡು ಕೂತಿದ್ದ ಗೂಡು ಈಗ ಒಬ್ಬನದೇ. ಅವನಿಗೆ ಆ ಹೊತ್ತು ಹಿತವಾಗಿಯೇ ಇತ್ತು.

ಹಾಗಂತ ಸುಮ್ನೆ ಕೂತಿರಲಿಲ್ಲ. ಈಗಲ್ ಅಂದುಕೊಂಡ ಜಾಗ ಬಿಟ್ಟು ಮುಂದೆ ಹೋಗಿ ಇಳಿದಿತ್ತು. ಸರಿಯಾಗಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಪ್ರತಿ ಸುತ್ತಿನಲ್ಲೂ ಹ್ಯೂಸ್ಟನ್ ಒಂದೊಂದು ಜಾಗ ಹೇಳೋದು, ಇವನು 28 ಪಟ್ಟು ದೊಡ್ಡದಾಗಿ ತೋರಿಸುವ ಸೆಕ್ಸ್‌ಟಂಟ್ ಅನ್ನೋ ದುರ್ಬೀನಿಗೆ ಕಣ್ಣಿಟ್ಟು ಹುಡುಕೋದು. ಒಂದೆರಡು ನಿಮಿಷದಲ್ಲಿ ಆ ಜಾಗ ದಾಟಿ ಹೋಗಿರುತ್ತಿತ್ತು. ಕೊನೆಗೂ ಕಾಣಲೇ ಇಲ್ಲ. (ಈಗ ನಮ್ಮ ಚಂದ್ರಯಾನ-2ರ ಆರ್ಬಿಟರ್ ಕೂಡ ಆ ಜಾಗದ ಫೋಟೋ ತೆಗೆದಿದೆ. ಈಗಲ್‌ನ ಕೆಳಗಿನ ಅರ್ಧ ಇನ್ನೂ ಅಲ್ಲೇ ಇದೆ.)

ಮಧ್ಯೆ ಕೂಲಿಂಗ್ ವ್ಯವಸ್ಥೆ ಕೈಕೊಟ್ಟಿತು. ಕೂಲಂಟ್ ಇರಬೇಕಾದ್ದಕ್ಕಿಂತ ಜಾಸ್ತಿ ತಣ್ಣಗಾಗುತ್ತಿತ್ತು. ಹ್ಯೂಸ್ಟನ್‌ನವರು ಉದ್ದದೊಂದು ರಿಪೇರಿ ವಿಧಾನ ಶುರು ಮಾಡು ಅಂದರು. ಇವನು ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ಹಾಕಿ ಮತ್ತೆ ಆಟೋಗೆ ತಂದ, ನಾವು ಸೆಟ್ ಟಾಪ್ ಬಾಕ್ಸ್ ಆಫ್ ಮಾಡಿ ಆನ್ ಮಾಡ್ತೀವಲ್ಲ, ಹಾಗೆ. ಸರಿಹೋಯಿತು!

ಆದರೆ ಅವನಿಗೆ ಒಂದು ಭಯ ಇತ್ತು, ಅದೂ ತಿಂಗಳುಗಟ್ಟಲೆಯಿಂದ. ಈಗಲ್ ಮೇಲೇಳಲು ಇದ್ದದ್ದು ಒಂದೇ ಎಂಜಿನ್. ಅದು ಹೊತ್ತದಿದ್ದರೆ ಇನ್ನೊಂದಿಲ್ಲ. ಅರ್ಧಂಬರ್ಧ ಮೇಲೆ ಬಂದು ಕಕ್ಷೆ ಸೇರಿದರೂ ಸಾಕು, ಇವನೇ 15 ಕಿಲೋಮೀಟರ್‌ವರೆಗೆ ಕೆಳಗಿಳಿದು ಹಿಡಿಯಬಹುದಿತ್ತು. ಯಾವ್ಯಾವ ರೀತಿ ಎಡವಟ್ಟಾದರೆ ಹೇಗೆ ಹೋಗಿ ಸೇರಬೇಕು ಅಂತ 18 ದಾರಿ ಬರೆದಿಟ್ಟ ಪುಸ್ತಕ ಅವನ ಕೈಗೆಟಕುವಂತೆಯೇ ಇತ್ತು. ನೆಲ ಬಿಟ್ಟು ಏಳದಿದ್ದರೆ ಮಾತ್ರ ಒಂದು ದಾರಿಯೂ ಇಲ್ಲ. ಕೊಲಂಬಿಯಾ ನೆಲಕ್ಕಿಳಿಯುವ ನೌಕೆ ಅಲ್ಲ. ಇಬ್ಬರನ್ನೂ ಅಲ್ಲೇ ಬಿಟ್ಟು ಒಬ್ಬನೇ ಮನೆಗೆ ಹೊರಡಬೇಕು. ಹಾಗಾದರೆ ಓದಲು ಅಧ್ಯಕ್ಷ ನಿಕ್ಸನ್‌ಗೆ ಭಾಷಣ ಕೂಡ ಬರೆದಿಟ್ಟಿದ್ದರು. ಬದುಕಿರುವಷ್ಟು ದಿನ ಜನ ತನ್ನತ್ತ ಬೆರಳು ತೋರಿಸುತ್ತಾರೆ ಅನ್ನೋದು ಅವನಿಗೆ ಗೊತ್ತಿತ್ತು. ಅಂಥ ಭಯ ಹೊತ್ತವನಿಗೆ ಹೊಟ್ಟೆ ಉರಿಯೋಕೆ ಪುರುಸೊತ್ತು ಎಲ್ಲಿ ಬರಬೇಕು ಹೇಳು?

ಮರುದಿನ ಎಂಜಿನ್ ಹೊತ್ತಿತು. ಈಗಲ್ ಚುಕ್ಕಿಯಿಂದ ದೊಡ್ಡದಾಗುತ್ತಾ ಬಂತು. ಅದರ ಹಿಂದೆ ಭೂಮಿ. ಇವನು ಕ್ಯಾಮೆರಾ ಒತ್ತಿದ. ಆಗ ಬದುಕಿದ್ದ ಮನುಷ್ಯರೆಲ್ಲರೂ ಆ ಫೋಟೋದ ಚೌಕಟ್ಟಿನೊಳಗಿದ್ದಾರೆ, ತೆಗೆದವನೊಬ್ಬನನ್ನು ಬಿಟ್ಟು. ಎರಡೂ ನೌಕೆ ಕೂಡುವಾಗ ಒಂದು ಸಲ ಜೋರಾಗಿ ಹೊಯ್ದಾಡಿದವು. ಇವನು ಹಿಡಿದು ನಿಲ್ಲಿಸಿದ. ಬಾಗಿಲು ತೆರೆದು ಮೊದಲು ಬಜ್‌ನ ತಲೆ ಕಂಡಾಗ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತು ಕೊಡಬೇಕು ಅನ್ನಿಸಿತಂತೆ. ನಾಚಿಕೆಯಾಗಿ ಸುಮ್ಮನಾದನಂತೆ. ನನಗೆ ಈ ಇಡೀ ಯಾತ್ರೆಯಲ್ಲಿ ತುಂಬ ಇಷ್ಟವಾದ ಗಳಿಗೆ ಇದೇ.

ನಿನ್ನ ಪ್ರಶ್ನೆಗೆ ಅವನದೇ ಉತ್ತರವೂ ಇದೆ. ಮೂರು ಸೀಟಿನಲ್ಲಿ ನನ್ನದೇ ಒಳ್ಳೇದು ಅಂದರೆ ಸುಳ್ಳಾಗುತ್ತದೆ, ಆದರೆ ನನಗೆ ಸಿಕ್ಕಿದ್ದರಲ್ಲಿ ಪೂರ್ತಿ ಸಮಾಧಾನವಿದೆ ಅನ್ನುವ ಅರ್ಥದಲ್ಲಿ ಹೇಳಿದ್ದ. ಬರೀ ಬಾಯಿಮಾತಲ್ಲ. ಮುಂದೆ ಇನ್ನೊಂದು ಯಾತ್ರೆಗೆ ನೀನೇ ಕಮಾಂಡರ್ ಆಗಬಹುದು ಅಂತ, ಯಾವ ಯಾತ್ರೆಗೆ ಯಾರು ಅಂತ ಆರಿಸುತ್ತಿದ್ದ ನಾಸಾದ ಡೀಕ್ ಸ್ಲೇಟನ್ ಹೊರಡುವ ಮುಂಚೆಯೇ ಸೂಚನೆ ಕೊಟ್ಟಿದ್ದ. ಅಂದರೆ ಚಂದ್ರನ ಮೇಲೆ ನಡೆಯೋ ಅವಕಾಶ. ಈ ಸಲದ್ದು ಕೈಗೂಡಿದರೆ ಸಾಕು, ಮತ್ತೆ ಬೇಡ ಅಂದುಬಿಟ್ಟ. ಇನ್ನೂ ಮೂರು ವರ್ಷ ತರಬೇತಿ ಅಂತ ಮನೆಯಿಂದ ದೂರ ಇರಬೇಕಿತ್ತು. ಅವನೂ ಮೂರು ಮಕ್ಕಳ ಅಪ್ಪ.

ಇಷ್ಟಾದ ಮೇಲೂ ನಿನಗೆ ಅವನು ಪಾಪ ಅನ್ನಿಸಿದರೆ ವಾದ ಮಾಡೋಣ, ನಾನು ರೆಡಿ.

ಪಾರ್ಸಲ್‌ನಲ್ಲಿ ಅಮ್ಮ ಚಕ್ಕುಲಿ ಇಟ್ಟಿದ್ದಾಳೆ. ರೂಮಿನವರಿಗೂ ಕೊಡು.

ನಿನ್ನ
ಅಪ್ಪ