ದವಡೆ ಹಲ್ಲಿಗೆ ಪದರದ ಕ್ಯಾಪ್ ಇನ್ನು ಮಾಡುವುದಿಲ್ಲ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ, ಮಂಜೇಶ್ವರದ ಕ್ಲಿನಿಕ್‌ಗಳ ಡಾಕ್ಟರರಿಗೆ ನಮಸ್ಕಾರ.

ಬರುವ ತಿಂಗಳು 1ರಿಂದ ನಮ್ಮ ಡೆಂಟಲ್ ಲ್ಯಾಬಿನಲ್ಲಿ ದವಡೆ ಹಲ್ಲುಗಳಿಗೆ ಪೋರ್ಸಿಲೇನ್ ಪದರ ಕೂರಿಸಿದ ಜಿರ್ಕೋನಿಯಾ (ಬಿಳಿ, ಗಟ್ಟಿ ಸೆರಾಮಿಕ್) ಕ್ಯಾಪ್ ಮಾಡುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಎರಡೇ ಬಗೆ: ಪೂರ್ತಿ ಜಿರ್ಕೋನಿಯಾ, ಇಲ್ಲವೇ ಪೂರ್ತಿ ಲಿಥಿಯಂ ಡೈಸಿಲಿಕೇಟ್ (ಗಾಜಿನ ಜಾತಿಯ ಸೆರಾಮಿಕ್). ಈಗಾಗಲೇ ನಮ್ಮಲ್ಲಿರುವ ಕೇಸುಗಳನ್ನು ನೀವು ಹೇಳಿದಂತೆಯೇ ಮುಗಿಸುತ್ತೇವೆ. ಬಾಯಿಯ ಮುಂಭಾಗದ ಹಲ್ಲುಗಳಿಗೆ ಪದರದ ಕೆಲಸ ಎಂದಿನಂತೆ ಇರುತ್ತದೆ.

ಪದರದ ಕ್ಯಾಪ್ ಸಾಮಾನ್ಯವಾಗಿ ಸೋಲುವುದು ಒಳಗಿನ ಜಿರ್ಕೋನಿಯಾದಲ್ಲಲ್ಲ, ಮೇಲಿನ ಪೋರ್ಸಿಲೇನಿನಲ್ಲಿ. ಜಿರ್ಕೋನಿಯಾದ ಬಾಗುಬಲ (ಬಾಗಿಸಿದಾಗ ಮುರಿಯದೆ ತಡೆಯುವ ಬಲ) 900 ಮೆಗಾಪಾಸ್ಕಲ್ ದಾಟುತ್ತದೆ, ಪೋರ್ಸಿಲೇನಿನದು 100ರ ಆಸುಪಾಸು. ಜಿರ್ಕೋನಿಯಾದಲ್ಲಿ ಬಿಸಿ ಬೇಗ ಹರಿಯುವುದಿಲ್ಲ. ಕುಲುಮೆಯಿಂದ ಹೊರಬಂದದ್ದು ಬೇಗ ತಣಿದರೆ ಪದರದೊಳಗೆ ಎಳೆತ ಉಳಿದುಬಿಡುತ್ತದೆ. ಮೇಲೆ ಅಗಿತದ ಪೆಟ್ಟು. ಬಾಯಿಯ ತೇವವೋ ಕಣ್ಣಿಗೆ ಕಾಣದ ಬಿರುಕನ್ನು ಮೆಲ್ಲಗೆ ಮುಂದೊತ್ತುತ್ತಲೇ ಇರುತ್ತದೆ. ನಮ್ಮ ಕಡೆ ಒಣ ಅಡಕೆ ಅಗಿಯುವವರೂ ಇದ್ದಾರೆ. ಪದರದಿಂದ ಚಕ್ಕೆ ಏಳುವುದು ಆ ಬಿರುಕಿನಿಂದಲೇ.

ಲಿಥಿಯಂ ಡೈಸಿಲಿಕೇಟಿನ ಬಲ 400ರ ಹತ್ತಿರ. ಅದು ಬಾಳುವುದು ಹಲ್ಲಿಗೆ ಸರಿಯಾಗಿ ಅಂಟಿದಾಗ. ಗಾಜಿನ ಜಾತಿಯ ಸೆರಾಮಿಕ್ ಇನ್‌ಲೇ (ಹಲ್ಲಿನ ಕುಳಿಯೊಳಗೆ ಕೂರುವ ತುಂಡು), ಓನ್‌ಲೇಗಳಲ್ಲಿ (ಹಲ್ಲಿನ ದಿಣ್ಣೆಯನ್ನೂ ಮುಚ್ಚುವ ತುಂಡು) 5 ವರ್ಷಕ್ಕೆ ನೂರಕ್ಕೆ 95ರಷ್ಟು, 10 ವರ್ಷಕ್ಕೆ 90ರಷ್ಟು ಉಳಿಯುತ್ತವೆ ಎನ್ನುತ್ತವೆ ಅಧ್ಯಯನಗಳು. ಹಾಳಾದವುಗಳಲ್ಲಿ ಹೆಚ್ಚಿನವು ಒಡೆದವು. ಹಾಗಾಗಿ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಚೆನ್ನಾಗಿ ಉಳಿದಿರುವ ಓನ್‌ಲೇ ಕೆಲಸಕ್ಕೆ ಲಿಥಿಯಂ ಡೈಸಿಲಿಕೇಟ್. ಹಲ್ಲು ಕಡಿಯುವವರಿಗೆ, ಕೊನೆಯ ದವಡೆ ಹಲ್ಲಿಗೆ ಜಿರ್ಕೋನಿಯಾ. ಇಂಥ ಕಡೆ ಹೆಚ್ಚು ಪಾರದರ್ಶಕವಾದ ಜಿರ್ಕೋನಿಯಾ ಬಳಸುವುದಿಲ್ಲ, ಅದರ ಬಲ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಹಾಗಾಗಿ ಕ್ಯಾಪಿನ ಬಣ್ಣ ತುಸು ಮಂಕಾಗಿ ಕಾಣುತ್ತದೆ ಎಂದು ರೋಗಿಗೆ ಮೊದಲೇ ಹೇಳಿಬಿಡಿ.

ನಿಮ್ಮಿಂದ ಬೇಕಾದದ್ದು ಹಲ್ಲನ್ನು ತೇಯುವಾಗ ಕ್ಯಾಪಿಗೆ ಬಿಡುವ ಜಾಗ. ಅಗಿಯುವ ಮೈಯಲ್ಲಿ ಜಿರ್ಕೋನಿಯಾಕ್ಕೆ 1 ಮಿ.ಮೀ., ಲಿಥಿಯಂ ಡೈಸಿಲಿಕೇಟಿಗೆ 1.5 ಮಿ.ಮೀ. ಕೊಡಿ. ಹಲ್ಲಿನ ದಿಣ್ಣೆಗಳಲ್ಲಿ ಸರಿಯಿದ್ದು ಅವುಗಳ ನಡುವಿನ ಗೆರೆಯಲ್ಲಿ ತೆಳ್ಳಗಾಗುವುದೇ ಹೆಚ್ಚು. ಮೇಣ ಕಚ್ಚಿಸಿ, ಬೆಳಕಿಗೆ ಹಿಡಿದು, ಅಳೆದು ನೋಡಿ. ಒಳಮೂಲೆಗಳು ದುಂಡಗಿರಲಿ, ಚೂಪು ಮೂಲೆಯಲ್ಲೇ ಒತ್ತಡ ಕೂಡಿಕೊಳ್ಳುತ್ತದೆ. ಜಾಗ ಸಾಲದೆಂದು ಕಂಡರೆ ಮಿಲ್ಲಿಂಗಿಗೆ (ಯಂತ್ರದಲ್ಲಿ ಕೊರೆಯಲು) ಹಾಕದೆ ಮೊದಲು ನಿಮಗೆ ಫೋನ್ ಮಾಡುತ್ತೇವೆ. ಆ ಒಂದು ದಿನದ ತಡವನ್ನು ದಯವಿಟ್ಟು ಸಹಿಸಿಕೊಳ್ಳಿ.

ಅಂಟಿಸುವ ಕ್ರಮ ಎರಡಕ್ಕೂ ಬೇರೆ. ಲಿಥಿಯಂ ಡೈಸಿಲಿಕೇಟಿಗೆ ಶೇ. 5ರ ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡ್, ತೊಳೆದು ಒಣಗಿಸಿ ಸೈಲೇನ್ (ಸೆರಾಮಿಕ್ಕಿಗೆ ಸಿಮೆಂಟ್ ಹಿಡಿಸುವ ದ್ರವ) 60 ಸೆಕೆಂಡ್, ಬಳಿಕ ರೆಸಿನ್ ಸಿಮೆಂಟ್. ಆ ಆಸಿಡ್ ಜಿರ್ಕೋನಿಯಾಕ್ಕೆ ಹಿಡಿಯುವುದಿಲ್ಲ. ಅದಕ್ಕೆ 50 ಮೈಕ್ರಾನಿನ ಅಲ್ಯೂಮಿನಾ ಪುಡಿಯನ್ನು 1ರಿಂದ 2 ಬಾರ್ ಒತ್ತಡದಲ್ಲಿ ಹೊಡೆದು ಎಂಡಿಪಿ ಪ್ರೈಮರ್ (ಜಿರ್ಕೋನಿಯಾಕ್ಕೆ ಸಿಮೆಂಟ್ ಹಿಡಿಸುವ ದ್ರವ) ಹಚ್ಚಬೇಕು. ಬಾಯಲ್ಲಿಟ್ಟು ನೋಡಿದ ಮೇಲೆ ಎಂಜಲು ತಾಗಿದ ಜಿರ್ಕೋನಿಯಾವನ್ನು ಫಾಸ್ಫರಿಕ್ ಆಸಿಡ್‌ನಿಂದ ಎಂದೂ ಶುಚಿಮಾಡಬೇಡಿ. ಫಾಸ್ಫೇಟ್ ಹತ್ತಿಕೊಂಡರೆ ಪ್ರೈಮರಿಗೆ ಹಿಡಿಯಲು ಜಾಗವಿರುವುದಿಲ್ಲ. ಪುಡಿ ಹೊಡೆಯುವ ಕೆಲಸವನ್ನು ಅದಕ್ಕಾಗಿಯೇ ಬಾಯಲ್ಲಿಟ್ಟು ನೋಡುವ ಟ್ರಯಲ್ ಆದ ಮೇಲೆ ಇಟ್ಟುಕೊಳ್ಳಿ.

ಕಚ್ಚು ಎತ್ತರವಾಗಿದ್ದರೆ ನುಣುಪು ಡೈಮಂಡ್ ಬರ್‌ನಲ್ಲಿ ನೀರು ಬಿಟ್ಟು ಉಜ್ಜಿ, ಕೊನೆಗೆ ಜಿರ್ಕೋನಿಯಾ ಪಾಲಿಶಿಂಗ್ ರಬ್ಬರ್‌ಗಳಿಂದ ಹೊಳಪಿಸಿ. ಒರಟಾಗಿ ಬಿಟ್ಟ ಮೈ ಎದುರಿನ ಹಲ್ಲನ್ನು ತಿನ್ನುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಸೇರಿಸಿಯೇ ಆರ್ಡರ್ ಕೊಡಿ.

ಒಡೆದ ಕ್ಯಾಪ್ ಬಂದರೆ ಎಸೆಯಬೇಡಿ, ಚೂರು ಸಮೇತ ಕಳಿಸಿ. ಬಿರುಕು ಮೇಲಿನಿಂದ ಹುಟ್ಟಿತೋ ಒಳಮೈಯಿಂದಲೋ ಎಂದು ಒಡೆದ ಮುಖದಲ್ಲಿ ನೋಡಿ ತಿಳಿಸುತ್ತೇವೆ.

ನಿಮ್ಮ ಲ್ಯಾಬಿನವರು
ಕಾಸರಗೋಡು